ಹೆಸರು ಹೇಳುವ ಹೊತ್ತು

ನಮ್ಮಪ್ಪ ನಮ್ಮಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಅದೇನು ಲೋಕದಲ್ಲಿಲ್ಲದ ವಿಚಾರವಲ್ಲ ಬಿಡಿ, ಆ ಕಾಲದ ಗಂಡಸರು ಹಾಗೇ. ಅಪ್ಪನ ಬಾಯಲ್ಲಿ ಅಮ್ಮ ಅಂದರೆ ‘ಏನೇ’, ಸ್ವಲ್ಪ ಅವಸರವಿದ್ದರೆ ‘ಲೇ ಇವಳೇ’, ಬೇರೆಯವರ ಮುಂದೆ ‘ನಮ್ಮನೆಯವಳು’. ಅಮ್ಮನಿಗೆ ಅಪ್ಪ ‘ರೀ’. ಗೋವಿಂದರಾಜನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಷ್ಟರಲ್ಲೇ ಅವರ ಸಂಸಾರ ಸಲೀಸಾಗಿ ನಡೆಯಿತು. ಕೂಗಿದರೆ ಕೇಳದಷ್ಟು ದೂರ ಇಬ್ಬರೂ ಹೋದವರಲ್ಲ, ಹೆಸರಿನ ಅಗತ್ಯವೇ ಬೀಳಲಿಲ್ಲ.

ಅಪ್ಪ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಆರು ದಿನ ಸ್ಪ್ಯಾನರ್ ಹಿಡಿದ ಕೈ ಭಾನುವಾರ ಚರ್ಚಿನ ಹಾರ್ಮೋನಿಯಂ ಮೇಲೆ ಇರುತ್ತಿತ್ತು. ಮಾಗಡಿ ರಸ್ತೆಯಿಂದ ಒಳಗೆ ಹೋದರೆ ಶೀಟು ಹೊದಿಸಿದ ಸಣ್ಣ ಕನ್ನಡ ಚರ್ಚು ನಮ್ಮದು. ಅಲ್ಲಿ ಅಪ್ಪ ಹಾಡು ಎತ್ತಿಕೊಟ್ಟರೆ ಸಭೆ ಹಾಡಬೇಕು, ಬಿಟ್ಟರೆ ಬಿಡಬೇಕು. ಮನೆಯಲ್ಲಿ ಅಮ್ಮ ಹೇಳಿದ ಹಾಗೆ ಕೇಳುವ ಮನುಷ್ಯನಿಗೆ ಅಲ್ಲಿ ಅಂಥ ಅಧಿಕಾರ ಎಲ್ಲಿಂದ ಬರುತ್ತಿತ್ತೋ ಎಂದು ನನಗೆ ನಗು ಬರುತ್ತಿತ್ತು.

ಈಸ್ಟರ್ ಬೆಳಗಿನ ಜಾವದ ಆರಾಧನೆಗೆ ನಮ್ಮಲ್ಲಿ ಒಂದು ಹಳೆಯ ಕೀರ್ತನೆಯಿತ್ತು. ಅಜ್ಜಂದಿರ ಕಾಲದಿಂದ ಬಂದದ್ದು, ಮೂರು ಚರಣ. ಮೂರನೆಯದು ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ: ‘ಯಾರನ್ನು ಹುಡುಕಿ ಬಂದಿರಿ?’ ಯೇಸುವಿನ ಸಮಾಧಿಯ ಹತ್ತಿರ ಅಳುತ್ತಾ ಬಂದ ಹೆಂಗಸರನ್ನು ದೇವದೂತ ಕೇಳುವ ಮಾತು. ಉತ್ತರ ಪಲ್ಲವಿಯಲ್ಲಿದೆ: ‘ಇಲ್ಲಿಲ್ಲ, ಇಲ್ಲಿಲ್ಲ, ಎದ್ದು ಹೋದನು.’ ಪುಸ್ತಕದಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿದೆ. ಆದರೆ ನಮ್ಮ ಸಭೆ ಎರಡರ ನಡುವೆ ನಿಲ್ಲುತ್ತಿತ್ತು. ಹಾಡು ನಿಲ್ಲುತ್ತಿತ್ತು, ಅಪ್ಪ ಹಾರ್ಮೋನಿಯಂನ ಒಂದೇ ಸ್ವರ ಒತ್ತಿ ಹಿಡಿದು ಶ್ರುತಿ ಕೊಡುತ್ತಿದ್ದರು. ಹೋದ ಈಸ್ಟರ್‌ನಿಂದ ಈ ಈಸ್ಟರ್‌ವರೆಗೆ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಹಿರಿಯರು ಒಂದು ಹೆಜ್ಜೆ ಮುಂದೆ ಬಂದು, ತೀರಿಕೊಂಡವರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಬರೀ ಹೆಸರು. ‘ನಮ್ಮ ತಾಯಿ’, ‘ನಮ್ಮ ಯಜಮಾನರು’ ಅನ್ನುವ ಹಾಗಿಲ್ಲ. ಒಂದೇ ಸಲ, ಒಂದೇ ವರ್ಷ. ಮುಂದಿನ ಈಸ್ಟರ್‌ಗೆ ಆ ಹೆಸರು ಮತ್ತೆ ಬರುವುದಿಲ್ಲ. ಎಲ್ಲ ಹೆಸರೂ ಬಂದ ಮೇಲೆ ಅಪ್ಪ ‘ಇಲ್ಲಿಲ್ಲ’ ಎತ್ತುತ್ತಿದ್ದರು.

ಎಷ್ಟು ಹೊತ್ತು ನಿಲ್ಲಬೇಕು ಎಂದು ಲೆಕ್ಕವಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕಾಮಾಕ್ಷಿಪಾಳ್ಯದ ಒಬ್ಬ ಹೆಂಗಸು ಗಂಡನ ಹೆಸರು ಹೇಳಬೇಕಾಗಿ ಬಂತು. ಜನ್ಮದಲ್ಲಿ ಒಂದು ಸಲವೂ ಹೇಳಿದವಳಲ್ಲ. ಮುಂದೆ ಬಂದು ನಿಂತಳು, ಸೆರಗು ಬಾಯಿಗೆ ಒತ್ತಿಕೊಂಡಳು, ತೆಗೆದಳು, ಮತ್ತೆ ಒತ್ತಿಕೊಂಡಳು. ಜನ ಕೆಮ್ಮಿದರು, ಮಕ್ಕಳು ಕಿಸಕ್ ಅಂದವು. ಅಪ್ಪ ತಲೆ ಎತ್ತಲಿಲ್ಲ. ಎಡಗೈಯಲ್ಲಿ ತಿದಿ ಒತ್ತುತ್ತಾ, ಬಲಗೈಯ ಬೆರಳು ಹಾರ್ಮೋನಿಯಂನ ಅದೇ ಮನೆಯ ಮೇಲೆ ಇಟ್ಟು ಕೂತೇ ಇದ್ದರು. ಕೊನೆಗೆ ಅವಳ ಬಾಯಿಂದ ಹೆಸರು ಬಂತು. ಅದಾದ ಮೇಲೂ ಒಂದು ಉಸಿರಿನಷ್ಟು ಬಿಟ್ಟು ಅಪ್ಪ ಪಲ್ಲವಿ ಎತ್ತಿದರು.

ಅವತ್ತು ಮನೆಗೆ ನಡೆದು ಬರುವಾಗ ಅಮ್ಮ ನನ್ನ ಕೈ ಜಗ್ಗಿದಳು.

“ನೋಡಿದ್ಯೇನೇ? ನಿಮ್ಮಪ್ಪನ ಬಾಯಲ್ಲಿ ನನ್ನ ಹೆಸರು ಬರ್ಬೇಕೂಂದ್ರೆ ನಾನು ಸಾಯ್ಬೇಕು ಕಣೇ.”

ಮುಂದೆ ನಡೆಯುತ್ತಿದ್ದ ಅಪ್ಪ ತಿರುಗದೆಯೇ, “ಹಬ್ಬದ ದಿನ ಏನು ಮಾತು ಅಂತ ಆಡ್ತೀಯೇ” ಅಂದರು.

“ಇರೋದನ್ನೇ ಹೇಳ್ದೆ. ಆದ್ರೆ ರೀ, ಹೇಳೋವಾಗ ಗಟ್ಟಿಯಾಗಿ ಹೇಳ್ಬೇಕು. ನುಂಗಿ ನುಂಗಿ ಹೇಳಿದ್ರೆ ನಾನು ಎದ್ದು ಬರಲ್ಲ ನೋಡಿ.”

ಇದು ಪ್ರತಿ ಈಸ್ಟರ್‌ಗೂ ನಮ್ಮ ಮನೆಯ ತಮಾಷೆಯಾಯಿತು. ಅಮ್ಮ ಬಿಡುತ್ತಿರಲಿಲ್ಲ. ಒಂದು ವರ್ಷ ಕೇಕು ಕೊಯ್ಯುತ್ತಾ, “ಮದುವೆ ದಿನ ಪಾದ್ರಿಗಳ ಮುಂದೆ ಒಂದ್ಸಲ ಹೇಳಿದ್ರಮ್ಮ, ಅದೂ ಅವರು ಹೇಳಿಸಿದ್ದಕ್ಕೆ. ಇನ್ನೊಂದ್ಸಲಕ್ಕೆ ಕಾಯ್ತಾ ಇದೀನಿ” ಎಂದು ಮನೆ ಓನರಮ್ಮನಿಗೂ ಹೇಳಿ ನಗಿಸಿದಳು. ಅಪ್ಪ ನಾಚಿಕೊಂಡು ಪೇಪರಿನ ಹಿಂದೆ ಸೇರಿಕೊಂಡರು.

ಎಪ್ಪತ್ತರ ದಶಕದ ನಡುವೆ, ದೀಪಾವಳಿ ಕಳೆದ ಮೇಲೆ, ಅಮ್ಮನಿಗೆ ಕಾಮಾಲೆಯಾಯಿತು. ನಾನಾಗ ಟಿ.ಸಿ.ಎಚ್. ಮುಗಿಸಿ ವಿಜಯನಗರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಮ್ಮು. ನಾಟಿ ಔಷಧಿ, ಪಥ್ಯ ಅಂತ ದಿನ ಕಳೆದು, ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅವಳ ಕಣ್ಣು ಅರಿಶಿನವಾಗಿತ್ತು. ಚೀಟಿ ಬರೆಯುವವನು, “ಪೇಷೆಂಟ್ ಹೆಸರೇನ್ರೀ?” ಅಂದ. ಅಪ್ಪ ನನ್ನ ಮುಖ ನೋಡಿದರು. “ಹೇಳಮ್ಮ” ಅಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ. “ಈಗ್ಲೂನಾ ಅಪ್ಪ? ಒಂದು ಹೆಸರು ಹೇಳೋಕೆ ಏನು ಕಷ್ಟ ನಿಮಗೆ?” ಎಂದು ಆ ಜನರ ಮಧ್ಯೆಯೇ ರೇಗಿದೆ.

ಬೆಂಚಿನ ಮೇಲೆ ಮುದುಡಿ ಕೂತಿದ್ದ ಅಮ್ಮ ನಕ್ಕಳು. “ಬಿಡೇ. ಅವರು ಈಗ ಹೇಳಿದ್ರೆ ನಾನು ಹೋದೆ ಅಂತ್ಲೇ ಅರ್ಥ. ನೀನೇ ಹೇಳು.”

ನಾನೇ ಹೇಳಿದೆ. ಒಂಬತ್ತನೆಯ ದಿನ ಅಮ್ಮ ಹೋದಳು. ಮಣ್ಣು ಮಾಡಿ ಬಂದ ಸಂಜೆ ಓನರಮ್ಮ ತಟ್ಟೆಯಲ್ಲಿ ಅನ್ನ ಸಾರು ತಂದಿಟ್ಟು ಗೋಡೆಗೆ ಒರಗಿಕೊಂಡು ಅತ್ತರು. ನಾನೂ ಅತ್ತೆ. ಅಪ್ಪ ಅಳಲಿಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟರು. ಆ ತೊಳೆದ ತಟ್ಟೆ ಕಂಡು, ಈ ಮನುಷ್ಯನಿಗೆ ಕರುಳೇ ಇಲ್ಲವಾ ಅಂದುಕೊಂಡೆ. ಇಪ್ಪತ್ತೆರಡರ ವಯಸ್ಸು, ಎದುರಿನವರ ಕಣ್ಣಲ್ಲಿ ನೀರು ಕಾಣದಿದ್ದರೆ ದುಃಖವೇ ಇಲ್ಲ ಅನ್ನಿಸುವ ವಯಸ್ಸು.

ಅದಾದ ಮೇಲೆ ಚರ್ಚಿಗೆ ಹೊಸ ಅಯ್ಯನವರು ಬಂದರು. ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ. ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಉತ್ಸಾಹ ಸ್ವಲ್ಪ ಜಾಸ್ತಿ. “ಯುವಕರೆಲ್ಲ ಸಿನಿಮಾಗೆ ಹೋಗ್ತಾರೆ, ಚರ್ಚಿಗೆ ಬರಲ್ಲ. ಗಿಟಾರ್ ತನ್ನಿ, ಡ್ರಮ್ಸ್ ತನ್ನಿ, ದೇವರೇನು ಕಿವಿ ಮುಚ್ಕೊಳಲ್ಲ” ಅಂದರು. ನನಗೆ ಟ್ರೈನಿಂಗಿನ ಹಾಸ್ಟೆಲ್ಲಿನಲ್ಲಿ ರೂಮಿನ ಗೆಳತಿ ಗಿಟಾರ್ ಕಲಿಸಿದ್ದಳು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ ಒಬ್ಬರು ಬೇಸ್ ಗಿಟಾರ್ ಹಿಡಿದರು. ಮದುವೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಅವರ ಗೆಳೆಯ, ಮೂರು ಮಕ್ಕಳ ತಂದೆ, ಡ್ರಮ್ಸಿಗೆ ಬಂದರು. ಮೂರೇ ಜನ. ಆದರೂ ನಮ್ಮನ್ನು ಬ್ಯಾಂಡು ಅನ್ನುತ್ತಿದ್ದರು, ನಮಗೂ ಹಾಗೆ ಅನ್ನಿಸಿಕೊಳ್ಳುವುದು ಇಷ್ಟವಾಗಿತ್ತು.

ಫೆಬ್ರವರಿಯಲ್ಲಿ ಅಯ್ಯನವರು ಮನೆಗೇ ಬಂದರು. ಈಸ್ಟರ್ ಕೀರ್ತನೆಯನ್ನು ಈ ಸಲ ಬ್ಯಾಂಡಿಗೆ ಹೊಂದಿಸಬೇಕು, ಹೊಂದಿಸುವವಳು ನಾನೇ ಆಗಬೇಕು, ಯಾಕೆಂದರೆ ಹಾಡು ನಮ್ಮ ಮನೆಯದು. ಅಪ್ಪನ ಮುಂದೆಯೇ ಹೇಳಿದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು, “ಮಾಡಮ್ಮ, ಮಾಡು. ಎಷ್ಟು ವರ್ಷ ಅಂತ ಈ ಪೆಟ್ಟಿಗೆ ಒತ್ತೋದು” ಅಂದರು. ಬಾಯಿ ಮಾತಿಗಲ್ಲ, ನಿಜವಾಗಿಯೇ ಅಂದರು. ಮಗಳು ಹಾಡು ಕಟ್ಟುತ್ತಾಳೆ ಎಂದು ಅವರಿಗೆ ಹೆಮ್ಮೆ.

ಹಳೆಯ ಹಾಡನ್ನು ಗಿಟಾರಿಗೆ ಕೂರಿಸುವುದು ಸುಲಭವಲ್ಲ. ಅಪ್ಪ ಹಾಡುತ್ತಿದ್ದ ಮಟ್ಟಿನಲ್ಲಿ ಸಾಲಿನ ಕೊನೆ ಎಲ್ಲೆಲ್ಲೋ ಎಳೆಯುತ್ತಿತ್ತು, ಹಿಂದಿನ ಸಾಲಿನ ಮುದುಕಿಯರು ಬಂದು ಸೇರುವವರೆಗೂ ಕಾಯುವ ಎಳೆತ. ಮೂರು ಎಣಿಕೆಯ ಹಾಡು ಒಮ್ಮೊಮ್ಮೆ ನಾಲ್ಕಾಗುತ್ತಿತ್ತು, ಒಮ್ಮೊಮ್ಮೆ ಯಾವ ಎಣಿಕೆಗೂ ಸಿಗುತ್ತಿರಲಿಲ್ಲ. ನಾನು ಶಾಲೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಸಾಲು ಸಾಲನ್ನೂ ನಾಲ್ಕಕ್ಕೆ ಕತ್ತರಿಸಿದೆ. ‘ಕಲ್ಲು’ ಎನ್ನುವ ಪದ ಎರಡು ಸ್ವರಗಳ ನಡುವೆ ಜಾರುತ್ತದೆ, ಆ ಜಾರುವಿಕೆಗೆ ಗಿಟಾರಿನಲ್ಲಿ ಒತ್ತಿ ಹಿಡಿಯುವ ಕಾರ್ಡೇ ಇಲ್ಲ. ಅಪ್ಪನನ್ನು ಕೂರಿಸಿಕೊಂಡು ಹತ್ತು ಸಲ ಹಾಡಿಸಿದೆ. “ನಂಗೊತ್ತಿಲ್ಲಮ್ಮ, ಬಾಯಿಗೆ ಬಂದ ಹಾಗೆ ಹಾಡ್ತೀನಿ ಅಷ್ಟೇ” ಅಂದರು. ಕೊನೆಗೆ ಆ ಜಾರುವಿಕೆಯನ್ನು ಬಿಟ್ಟು ನೇರ ಸ್ವರ ಹಾಕಿದೆ. ಶ್ರುತಿಯನ್ನು ಎರಡು ಮನೆ ಇಳಿಸಿದೆ. ಹಳೆಯದು ಅಮ್ಮನ ಗಂಟಲಿಗೆ ಸರಿಹೊಂದಿದ್ದ ಶ್ರುತಿ, ಬೇರೆ ಹೆಂಗಸರಿಗೆಲ್ಲ ಎತ್ತರ. ಇಳಿಸುವಾಗ ಒಂದು ಕ್ಷಣ ಕೈ ತಡೆಯಿತು, ಆದರೂ ಇಳಿಸಿದೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸು. ಮೊದಲನೆಯ ಚರಣ ಕೂತಿತು, ಎರಡನೆಯದು ಕೂತಿತು. ಮೂರನೆಯದು ಮುಗಿದು ‘ಯಾರನ್ನು ಹುಡುಕಿ ಬಂದಿರಿ’ ಬಂತು. ಡ್ರಮ್ಸಿನವರು ಕಡ್ಡಿ ಎತ್ತಿ ಹಿಡಿದು, “ಇಲ್ಲಿ ಎಷ್ಟು ಕೌಂಟ್ ನಿಲ್ಲಿಸ್ಬೇಕು ಸಿಸ್ಟರ್?” ಎಂದು ಕೇಳಿದರು. ಅವರು ನಮ್ಮ ಸಭೆಯವರಲ್ಲ, ಪದ್ಧತಿ ಗೊತ್ತಿಲ್ಲ.

ಬೇಸಿನವರಿಗೆ ಗೊತ್ತಿತ್ತು. ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು.

ಇಲ್ಲಿ ನಾನು ಸುಳ್ಳು ಹೇಳಬಾರದು. ಎಷ್ಟೋ ವರ್ಷ ‘ತಾಳಕ್ಕೆ ಸಿಗಲಿಲ್ಲ, ಅದಕ್ಕೆ ತೆಗೆದೆ’ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ತಾಳಕ್ಕೆ ಸಿಗುತ್ತಿತ್ತು. ಡ್ರಮ್ಸು ಬಿಟ್ಟು ಒಂದು ತಂತಿ ಮೀಟುತ್ತಾ ನಿಂತಿದ್ದರೆ ಸಾಕಿತ್ತು. ನನಗೆ ಭಯವಾಯಿತು. ಆ ಸದ್ದಿಲ್ಲದ ಹೊತ್ತಿನಲ್ಲಿ, ಇಡೀ ಸಭೆಯ ಎದುರು ಗಿಟಾರ್ ಹಿಡಿದು ನಿಂತು, ಅಪ್ಪನ ಬಾಯಿಂದ ಅಮ್ಮನ ಹೆಸರು ಬರುವುದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅವರು ಹೇಳಿಬಿಟ್ಟರೆ ಅಮ್ಮ ಸತ್ತದ್ದು ಖಾಯಂ ಆಗಿಬಿಡುತ್ತದೆ ಅನ್ನಿಸಿತು. ಇನ್ನೂ ಒಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ಬದುಕಿದ್ದಾಗ ಕರೆಯದವರು ಈಗ ಯಾಕೆ ಕರೆಯಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ. ತೊಳೆದಿಟ್ಟ ಆ ತಟ್ಟೆ ಕಣ್ಣ ಮುಂದಿಂದ ಹೋಗಿರಲಿಲ್ಲ.

“ನಿಲ್ಲಿಸೋದೇನೂ ಬೇಡ. ಒಂದು ರೋಲ್ ಕೊಟ್ಟು ಪಲ್ಲವಿಗೆ ಬಂದ್ಬಿಡಿ” ಅಂದೆ.

ಅವರು ದಡದಡನೆ ರೋಲ್ ಕೊಟ್ಟರು. ಕೋಣೆಯ ಶೀಟು ನಡುಗುವ ಹಾಗೆ ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಅಯ್ಯನವರು ಕುಣಿದಾಡಿಬಿಟ್ಟರು. “ಇದು! ಇದೇ ಪುನರುತ್ಥಾನ! ಕಲ್ಲು ಉರುಳಿದ ಸದ್ದೇ ಬಂತಲ್ಲ!” ತೀರಿಕೊಂಡವರ ಹೆಸರುಗಳನ್ನು ತಾವೇ ಪ್ರಾರ್ಥನೆಯಲ್ಲಿ ಓದುತ್ತೇನೆ, ಅದು ಅಚ್ಚುಕಟ್ಟು ಎಂದರು. ನಾನು ಹೂಂ ಅಂದೆ.

ಈಸ್ಟರ್‌ಗೆ ಮುಂಚಿನ ವಾರ ಅಪ್ಪ ಯಾಕೋ ಬೇಗ ಏಳಲು ಶುರು ಮಾಡಿದರು. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಾ ಏನೋ ಗುನುಗುತ್ತಿದ್ದರು. ಹಾಡಲ್ಲ, ಮಾತಿನ ಹಾಗಿತ್ತು, ಒಂದೇ ಮಾತು ಮತ್ತೆ ಮತ್ತೆ. ನಾನು ಹತ್ತಿರ ಹೋದರೆ ಚೊಂಬಿನ ಸದ್ದು ಮಾತ್ರ. ಅದೇನೆಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ದೋಸೆ ಹುಯ್ಯಲು ಹೋದೆ.

ಶನಿವಾರ ಮಧ್ಯಾಹ್ನ ಅವರು ಬಿಳಿ ಶರಟು ಇಸ್ತ್ರಿ ಮಾಡುತ್ತಾ ಕೇಳಿದರು. “ಮೂರನೇ ಚರಣ ಆದ್ಮೇಲೆ ನಿಲ್ಲಿಸ್ತೀರ ತಾನೇ ಅಮ್ಮಾ?”

ಆಗ ಹೇಳಬಹುದಿತ್ತು. ಜಗಳವಾಗುತ್ತಿತ್ತು, ಆಗಲಿ. ಅಥವಾ ಜಗಳವೂ ಇಲ್ಲದೆ, ‘ನಿಲ್ಲಿಸಮ್ಮ, ನಂಗೆ ಬೇಕು’ ಎಂದು ಅವರು ಒಂದು ಮಾತು ಅಂದಿದ್ದರೆ ನಾನು ಅಲ್ಲೇ ಕರಗಿಹೋಗುತ್ತಿದ್ದೆ. ನಾನು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದವಳು ತಲೆ ಎತ್ತದೆ, “ಹೂಂ ಅಪ್ಪ, ನೋಡ್ತೀನಿ” ಅಂದೆ.

ಇಲ್ಲ ಅನ್ನಲು ಬಾಯಿ ಬಾರದಾಗ ನಾವೆಲ್ಲ ಹೇಳುವ ಮಾತು ಅದು. ಬೇರೆ ಯಾರಾದರೂ ಹೇಳಿದ್ದರೆ ಅಪ್ಪನಿಗೆ ಅರ್ಥವಾಗುತ್ತಿತ್ತು. ಮಗಳು ಹೇಳಿದ್ದರಿಂದ ಹೂಂ ಎನ್ನುವುದನ್ನು ಮಾತ್ರ ಕೇಳಿಸಿಕೊಂಡು ಇಸ್ತ್ರಿಪೆಟ್ಟಿಗೆಯ ಕೆಂಡ ಊದಿದರು.

ಈಸ್ಟರ್ ಬೆಳಗ್ಗೆ ಇನ್ನೂ ಬೆಳಕು ಹರಿದಿರಲಿಲ್ಲ. ಚರ್ಚಿನ ಅಂಗಳದಲ್ಲಿ ಶಾಮಿಯಾನ, ಮೈಕ್ ಸೆಟ್ಟು. ಸುತ್ತಲ ಮನೆಯವರೂ ಏನು ಗಲಾಟೆ ಎಂದು ಕಾಂಪೌಂಡಿನ ಆಚೆ ಬಂದು ನಿಂತಿದ್ದರು. ಹಾರ್ಮೋನಿಯಂ ಒಳಗೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಅಪ್ಪ ಗಂಡಸರ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತಿದ್ದರು. ಅಷ್ಟು ವರ್ಷದಲ್ಲಿ ಅವರು ಆ ಹಾಡಿಗೆ ನಿಂತದ್ದು ಅದೇ ಮೊದಲು. ಅಯ್ಯನವರು ಸಮಾಧಿಯ ಹತ್ತಿರದ ಹೆಂಗಸಿನ ಕಥೆ ಹೇಳಿದರು. ಎದ್ದು ಬಂದವನನ್ನು ಅವಳು ತೋಟದವನೆಂದುಕೊಂಡಳು, ಅವನು ಹೆಸರು ಹಿಡಿದು ಕರೆದ ಮೇಲೆಯೇ ಗುರುತು ಹಿಡಿದಳು. ನಾನು ತಂತಿ ಬಿಗಿ ಮಾಡುವ ನೆಪದಲ್ಲಿ ಮುಖ ಬಗ್ಗಿಸಿಕೊಂಡೆ.

ಹಾಡು ಶುರುವಾಯಿತು. ಚೆನ್ನಾಗಿಯೇ ಬಂತು, ಅದನ್ನೂ ಹೇಳಬೇಕು. ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಕಾಂಪೌಂಡಿನ ಆಚೆಯವರೂ ತಲೆಯಾಡಿಸಿದರು. ಒಂದನೆಯ ಚರಣ, ಎರಡು, ಮೂರು. ‘ಯಾರನ್ನು ಹುಡುಕಿ ಬಂದಿರಿ?’

ಅಪ್ಪ ಒಂದು ಹೆಜ್ಜೆ ಮುಂದೆ ಬಂದರು.

ಅಮ್ಮನ ಹೆಸರನ್ನು ತುಟಿ ಕೂಡಿಸದೆ ಶುರು ಮಾಡಲಾಗುವುದಿಲ್ಲ. ಅಪ್ಪ ಎದೆ ತುಂಬ ಉಸಿರು ತೆಗೆದುಕೊಂಡರು, ಗಟ್ಟಿಯಾಗಿ ಹೇಳಬೇಕಲ್ಲ, ನುಂಗಿ ಹೇಳುವ ಹಾಗಿಲ್ಲವಲ್ಲ. ತುಟಿ ಕೂಡಿದವು. ನಾನು ಎದುರಿಗೇ ನಿಂತಿದ್ದೆ, ಹತ್ತು ಅಡಿ ದೂರವೂ ಇಲ್ಲ, ಕಣ್ಣಾರೆ ಕಂಡೆ. ಡ್ರಮ್ಸಿನ ರೋಲ್ ಬಿತ್ತು. ಅಪ್ಪ ಬೆಚ್ಚಿದರು. ನನ್ನ ಮುಖ ನೋಡಿದರು. ನನ್ನ ಕೈ ನಿಲ್ಲಬಹುದಿತ್ತು. ನಾನು ನಿಂತಿದ್ದರೆ ಇನ್ನಿಬ್ಬರೂ ನಿಲ್ಲುತ್ತಿದ್ದರು. ಕೈ ನಿಲ್ಲಲಿಲ್ಲ. ‘ಇಲ್ಲಿಲ್ಲ, ಇಲ್ಲಿಲ್ಲ’ ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಪ್ಪನ ಕೂಡಿದ ತುಟಿ ಬಿಚ್ಚಲೇ ಇಲ್ಲ. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡು ಸಾಲಿನಲ್ಲಿ ಸೇರಿಕೊಂಡರು.

ಆಮೇಲೆ ಪ್ರಾರ್ಥನೆಯಲ್ಲಿ ಅಯ್ಯನವರು ಆ ವರ್ಷದ ನಾಲ್ಕು ಹೆಸರು ಓದಿದರು. ಅಮ್ಮನದು ಮೂರನೆಯದು. ಅವಳ ಮುಖ ಸಹ ನೋಡಿರದ ಮನುಷ್ಯನ ಬಾಯಲ್ಲಿ, ಮೈಕಿನಲ್ಲಿ, ಅಚ್ಚುಕಟ್ಟಾಗಿ ಬಂತು.

ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಕೂತು, “ಹಾಡು ಜೋರಾಗಿ ಬಂತಮ್ಮ” ಅಂದರು.

ನನಗೆ ತಡೆಯಲಾಗಲಿಲ್ಲ. “ಬೈದ್ಬಿಡಿ ಅಪ್ಪ. ಎರಡೇಟು ಹಾಕಿ ಬೇಕಾದ್ರೆ. ಹೀಗೆ ಸುಮ್ನೆ ಕೂತ್ಕೋಬೇಡಿ.”

“ಯಾಕಮ್ಮ ಬೈಲಿ? ನಿಂಗೂ ಕಷ್ಟವಾಗಿತ್ತಲ್ಲ.”

ಅಷ್ಟೇ ಅಂದರು. ಅಂದರೆ ಅವರಿಗೆ ಎಲ್ಲಾ ಗೊತ್ತಾಗಿತ್ತು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿದ ಮೇಲೆ ನನ್ನ ಹಟ ನೋಡಿ, ಅಪ್ಪನನ್ನು ಎಬ್ಬಿಸಿಕೊಂಡು ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಹೊರಟೆ. ಮಾಡಿದ ತಪ್ಪನ್ನು ಅವತ್ತೇ ಸರಿಮಾಡಿ ಕೈ ತೊಳೆದುಕೊಳ್ಳುವ ಆತುರ ನನಗೆ.

ಅಮ್ಮನ ಮಣ್ಣಿಗೆ ಇನ್ನೂ ಕಲ್ಲು ಹಾಕಿಸಿರಲಿಲ್ಲ, ಮರದ ಶಿಲುಬೆಯಿತ್ತು. ಬಿಸಿಲು ಏರಿತ್ತು. ಹೂವಿಟ್ಟು, “ಈಗ ಹೇಳಿ ಅಪ್ಪ. ಇಲ್ಲಿ ಯಾರೂ ಇಲ್ಲ” ಅಂದೆ.

ಅಪ್ಪ ಶಿಲುಬೆಗೆ ಹತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದರು.

“ಯಾರೂ ಇಲ್ದಾಗ ಕರೆದ್ರೆ ಏನು ಬಂತಮ್ಮ. ಅವಳಿಗೆ ನಾಲ್ಕು ಜನರ ಮುಂದೆ ಕರೆಸ್ಕೋಬೇಕು ಅಂತ ಆಸೆ ಇತ್ತು.”

ತಲೆಗೆ ಟವಲು ಹಾಕಿಕೊಂಡು ಮುಂದೆ ನಡೆದರು. ನಾನು ಹಿಂದೆ ಹಿಂದೆ ನಡೆದೆ.

ಮುಂದಿನ ಈಸ್ಟರ್‌ಗೆ ನಾನು ಅಯ್ಯನವರ ಜೊತೆ ಜಗಳವಾಡಿದೆ. ಹೆಸರು ಹೇಳುವ ಹೊತ್ತು ವಾಪಸ್ಸು ಬರದಿದ್ದರೆ ಗಿಟಾರ್ ಮುಟ್ಟುವುದಿಲ್ಲ ಎಂದೆ. ಪಾಪ, ಅವರು ಅಷ್ಟಕ್ಕೆಲ್ಲ ಕಾದಿರಲಿಲ್ಲ. ಬೇರೆ ಮನೆಯವರೂ ಹೋಗಿ ನೊಂದುಕೊಂಡು ಹೇಳಿದ್ದರಂತೆ. ತಕ್ಷಣ ಒಪ್ಪಿದರು. ಹಾರ್ಮೋನಿಯಂ ಒರೆಸಿ ಹೊರಗೆ ತಂದೆವು. ಶ್ರುತಿಯನ್ನು ಮತ್ತೆ ಎರಡು ಮನೆ ಏರಿಸಿದೆ, ಗಂಟಲು ಕಿತ್ತುಹೋದರೂ ಹೋಗಲಿ ಎಂದು. ಆ ಹೊತ್ತಿನಲ್ಲಿ ಗಿಟಾರ್, ಡ್ರಮ್ಸು ಎಲ್ಲ ಸುಮ್ಮನಿರಬೇಕು, ಅಪ್ಪನ ಶ್ರುತಿ ಮಾತ್ರ ಇರಬೇಕು.

ಮೂರನೆಯ ಚರಣ ಮುಗಿಯಿತು. ಅಪ್ಪ ಒಂದು ಸ್ವರ ಒತ್ತಿ ಹಿಡಿದರು. ಆ ವರ್ಷ ಮೂರು ಮನೆ. ಮೂರು ಹೆಸರೂ ಬಂದವು. ನಾನು ಹಾರ್ಮೋನಿಯಂ ಪಕ್ಕದಲ್ಲೇ ನಿಂತಿದ್ದವಳು ಬಗ್ಗಿ, “ಹೇಳಿ ಅಪ್ಪ, ಈಗ ಹೇಳಿ” ಎಂದು ಪಿಸುಗುಟ್ಟಿದೆ. ಬೇಡಿಕೊಂಡೆ ಅಂದರೂ ಸರಿಯೇ.

ಅಪ್ಪ ತಲೆ ಎತ್ತಲಿಲ್ಲ. “ಈ ವರ್ಷ ಅವಳದಲ್ಲಮ್ಮ” ಅಂದು, ಒಂದು ಉಸಿರು ಬಿಟ್ಟು ‘ಇಲ್ಲಿಲ್ಲ’ ಎತ್ತಿದರು.

ಅಷ್ಟು ವರ್ಷ ಇನ್ನೊಬ್ಬರ ಮನೆಯ ಸಾವಿಗೆ ನೇಮ ಕಾಪಾಡಿಕೊಂಡು ಬಂದವರು, ತಮ್ಮ ಮನೆಗೆಂದು ಅದನ್ನು ಮುರಿಯಲಿಲ್ಲ. ಆಮೇಲೂ ಎರಡು ಮೂರು ಈಸ್ಟರ್ ಅವರೇ ಶ್ರುತಿ ಹಿಡಿದರು. ಮನೆಯಲ್ಲಿ ಅಮ್ಮನ ಮಾತು ಬಂದರೆ ‘ನಿಮ್ಮಮ್ಮ’ ಅನ್ನುತ್ತಿದ್ದರು. ಒಂದು ಸಲ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಹೋಗಿ, ಕೌಂಟರಿನಲ್ಲಿ ಕೇಳಿದಾಗ ಬಾಯಲ್ಲಿ ಹೇಳದೆ, ಕಾರ್ಡಿನ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನು ರೇಗಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ವರ್ಷ ಫ್ಯಾಕ್ಟರಿಯಿಂದ ಬಂದ ಅಪ್ಪ ಎದೆ ನೋವು ಎಂದು ಮಲಗಿ ಮತ್ತೆ ಏಳಲಿಲ್ಲ.

ಆ ಈಸ್ಟರ್‌ಗೆ ಗಿಟಾರನ್ನು ಬೇರೆಯವರಿಗೆ ಕೊಟ್ಟು ನಾನೇ ಹಾರ್ಮೋನಿಯಂ ಮುಂದೆ ಕೂತೆ. ಮೂರನೆಯ ಚರಣ ಆಯಿತು, ಶ್ರುತಿ ಒತ್ತಿ ಹಿಡಿದೆ. ಎರಡು ಮನೆಯವರು ಹೇಳಿದರು. ಮೂರನೆಯದು ನಮ್ಮದು, ಮನೆಗೆ ಹಿರಿಯಳು ಅಂದರೆ ನಾನೇ. ತಿದಿ ಒತ್ತುತ್ತಲೇ ಎದ್ದು ನಿಂತು ಅಪ್ಪನ ಹೆಸರನ್ನು ಗಟ್ಟಿಯಾಗಿ, ನುಂಗದೆ ಹೇಳಿದೆ. ಶೀಟಿಗೆ ಬಡಿದು ವಾಪಸ್ಸು ಬಂತು.

ಹೆಸರುಗಳು ಮುಗಿದಿದ್ದವು. ನಾನು ಪಲ್ಲವಿ ಎತ್ತಬೇಕು. ಎತ್ತಲಾಗಲಿಲ್ಲ, ಬೆರಳು ಅದೇ ಮನೆಯ ಮೇಲೆ ಇತ್ತು. ಇನ್ನೊಂದು ಹೆಸರು, ಅಮ್ಮನದು, ಬಾಕಿ ಇದೆ, ಅವರು ಹೇಳಲಿ, ಅಲ್ಲಿಯವರೆಗೆ ಕಾಯುತ್ತೇನೆ ಎಂದು ತಿದಿ ಒತ್ತುತ್ತಲೇ ಇದ್ದೆ. ಜನ ಕೆಮ್ಮಿದರು. ಹೆಂಗಸರ ಸಾಲಿನಲ್ಲಿ ಯಾರೋ ಮಗುವನ್ನು ಗದರಿದರು. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ ಗೊತ್ತಿಲ್ಲ. ಆ ಹೆಸರು ಹೇಳಬೇಕಾಗಿದ್ದವರ ಹೆಸರನ್ನೇ ನಾನು ಆಗಷ್ಟೇ ಹೇಳಿ ಮುಗಿಸಿದ್ದೆ.